ಎಂಟನೆಯ ದಿನ

ಹಳೆಯ ಟ್ರಂಕನ್ನು ಬಿಸಿಲಿಗೆ ಇಟ್ಟಾಗ ಬಟ್ಟೆಯ ಮುಗ್ಗಲು ವಾಸನೆಯ ಜೊತೆಗೆ ಒಂದು ಪಾಕೆಟ್ ಬುಕ್ಕೂ ಹೊರಬಿತ್ತು. ಮೊಮ್ಮಗಳು ಬಿಡಿಸಿ ನೋಡಿ, "ತಾತ, ‘ಬಡವನಹಳ್ಳಿ ಪಟೇಲರಿಗೆ ಮಂಡಿನೋವು, ವಿಚಾರಿಸುವುದು’ ಅಂತ ಬರ್ಕೊಂಡಿದೀಯಲ್ಲ" ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಪುಸ್ತಕವನ್ನು ಅವಳ ಕೈಯಿಂದ ಇಸಿದುಕೊಂಡೆ.

ನಾನು ಮಧುಗಿರಿ ತಾಲ್ಲೂಕಿನಲ್ಲಿ ದಾಕು ಹಾಕುವವನಾಗಿದ್ದೆ. ಹಳ್ಳಿಯವರು ‘ಅಮ್ಮ’ ಎನ್ನುವ ಸಿಡುಬು ಬಾರದಿರಲೆಂದು ಮಕ್ಕಳ ತೋಳಿಗೆ ಗೀರುವ ಕೆಲಸ. ನನ್ನ ಪೆಟ್ಟಿಗೆ ಕಂಡರೆ ತಾಯಂದಿರು ಮಕ್ಕಳನ್ನು ಅಡಗಿಸಿಡುತ್ತಿದ್ದರು; ನಾಯಿಗಳಿಗೂ ನನ್ನ ಗುರುತಿತ್ತು. ಕೆಲಸ ಕಲಿಸಿದ ಹಿರಿಯರು, "ಮೊದ್ಲು ಜನರನ್ನ ಮಾತಾಡ್ಸಯ್ಯ, ಆಮೇಲೆ ಪೆಟ್ಟಿಗೆ ಬಿಚ್ಚು" ಎಂದಿದ್ದರು. ಮಾತಾಡಿಸುವುದನ್ನು ನಾನು ಬಹಳ ಚೆನ್ನಾಗಿ ಕಲಿತೆ. ಯಾರ ಮಗಳು ಬಸುರಿ, ಯಾರ ಎತ್ತು ಕುಂಟುತ್ತಿದೆ, ಎಲ್ಲ ಬರೆದಿಟ್ಟುಕೊಂಡು, ಊರ ಹೊರಗಿನ ಮರದಡಿ ಒಮ್ಮೆ ಓದಿಕೊಂಡೇ ಒಳಗೆ ಕಾಲಿಡುತ್ತಿದ್ದೆ. "ಸ್ವಾಮಿಗಳು ಎಂಗೆ ನೆನಪಿಟ್ಕೊಂಡವ್ರೆ ನೋಡು" ಎಂದು ಜನ ಹಿಗ್ಗುತ್ತಿದ್ದರು. ನನಗೂ ಹಿಗ್ಗೇ, ಸುಳ್ಳೇಕೆ ಹೇಳಲಿ.

ಪುರವರದ ಪಕ್ಕದ ಹಳ್ಳಿಯ ಮುದ್ದಮ್ಮ ಮಾತ್ರ ಎರಡು ಸಲ ಬಾಗಿಲು ಹಾಕಿಕೊಂಡಳು. ಮೂರನೆಯ ಸಲ ಅವಳ ತವರೂರಿನ ಮೇಲೆ ಹಾದು ಬಂದು, "ನಿಮ್ಮವ್ವನ ಕೆಮ್ಮು ಕಡಿಮೆ ಆಗಿದೆಯಮ್ಮ" ಎಂದೆ. ಕಣ್ಣೊರೆಸಿಕೊಂಡಳು. ನನ್ನನ್ನು ಅಣ್ಣ ಎಂದು ಕರೆದಳು. ಮಗ ರಂಗನನ್ನು ತಾನೇ ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿದಳು.

ದಾಕು ಹಾಕಿದ ಎಂಟನೆಯ ದಿನ ಹೋಗಿ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಬೇಕು. ಏಳದಿದ್ದರೆ ಮತ್ತೆ ಹಾಕಬೇಕು; ಇಲ್ಲವಾದರೆ ಹಾಕಿದ್ದೂ ಒಂದೇ, ಬಿಟ್ಟದ್ದೂ ಒಂದೇ. "ಬತ್ತೀಯ ಅಲ್ವಾ ಅಣ್ಣ?" ಎಂದಳು. ಬರುತ್ತೇನೆಂದೆ. ಆ ಎಂಟನೆಯ ದಿನವೇ ತಾಲ್ಲೂಕಿನ ಅಮಲ್ದಾರರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ದೊಡ್ಡವರ ಪರಿಚಯ ಬೆಳೆದರೆ ಮುಂದೆ ಅನುಕೂಲವೆಂದು ಅಲ್ಲಿಗೆ ಹೋಗಿ, ಪಂಕ್ತಿಯಲ್ಲಿ ಓಡಾಡಿಕೊಂಡು ಬಡಿಸಿದೆ. ಅಮಲ್ದಾರರು ನನ್ನ ಹೆಸರು ಕೇಳಿದರು, ಮರುದಿನ ಮರೆತರು. ರಿಜಿಸ್ಟರಿನಲ್ಲಿ ರಂಗನ ಹೆಸರಿನ ಮುಂದೆ "ನೋಡಿದೆ, ಎದ್ದಿದೆ" ಎಂದು ಬರೆದೆ.

ಆರು ತಿಂಗಳ ಮೇಲೆ ಮತ್ತೆ ಆ ಹಳ್ಳಿಗೆ ಹೋದೆ. ಮರದಡಿ ಪುಸ್ತಕ ತೆರೆದೆ: "ರಂಗ, ಬೆಲ್ಲವೆಂದರೆ ಪ್ರಾಣ." ಬೆಲ್ಲದ ಚೂರು ಹಿಡಿದು ಮುದ್ದಮ್ಮನ ಜಗಲಿಯ ಮೇಲೆ ಕೂತು, "ಎಲ್ಲಿದಾನಮ್ಮ ನನ್ನ ಅಳಿಯ?" ಎಂದೆ.

ಅವಳು ನನ್ನ ಕೈಯನ್ನೇ ನೋಡುತ್ತ ನಿಂತಳು. "ಯುಗಾದಿ ಕಳೆದ್ಮೇಲೆ ಅಮ್ಮ ಆಗಿ ಹೋಗ್ಬುಟ್ಟ ಕಣಣ್ಣ. ಗುಳ್ಳೆ ಎದ್ದಿರ್ಲಿಲ್ಲ. ನೀನು ಬತ್ತೀಯ ಅಂತ ಅವುನ್ನ ಆಟಕ್ಕೂ ಬುಡ್ದೆ ಸಂಜೆಗಂಟ ಕೂರಿಸ್ಕೊಂಡಿದ್ದೆ."

ಎರಡು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಒಳಗೆ ಹೋಗಿ ವಾರಗಿತ್ತಿಯ ಎರಡು ಮಕ್ಕಳನ್ನು ಕರೆತಂದಳು. "ಇವಕ್ಕೆ ಹಾಕಣ್ಣ. ಎಂಟನೇ ದಿನ ಮಾತ್ರ ಬಂದ್ಬುಡು."

ಬಂದೆ. ಎರಡೂ ತೋಳುಗಳಲ್ಲಿ ಗುಳ್ಳೆ ಚೆನ್ನಾಗಿ ಎದ್ದಿತ್ತು. ಮುದ್ದಮ್ಮ ಮಜ್ಜಿಗೆ ಕೊಟ್ಟಳು. ನಾನು ಕುಡಿಯಲಾರದೆ ಕೂತಿದ್ದನ್ನು ಕಂಡು, "ಆವತ್ತು ನಿಂಗೆ ಮೈ ಉಷಾರಿರ್ಲಿಲ್ವೇನೋ, ಅಲ್ವಾ ಅಣ್ಣ?" ಎಂದಳು.

"ಹೌದಮ್ಮ, ಜ್ವರ ಬಂದಿತ್ತು" ಎಂದೆ. ಎಂದು, ಮಜ್ಜಿಗೆ ಕುಡಿದೆ.

ಜ್ವರ ಬಂದಿರಲಿಲ್ಲ. ಇದನ್ನು ಈವತ್ತು ನಿಮಗೆ ಹೇಳುತ್ತಿದ್ದೇನೆ. ಯಾರಿಗೆ ಹೇಳಬೇಕಾಗಿತ್ತೋ ಅವಳು ತೀರಿಕೊಂಡು ಹತ್ತು ವರ್ಷವಾಯಿತು.