ಸಿಸಿಲಿಯಮ್ಮನ ಮದುವೆ ರವಿಕೆ

ಸತ್ತವರಿಗೆ ರವಿಕೆ ಬಿಗಿಯಾಗುತ್ತದಾ? ಆಗುತ್ತದೆ. ಹೋದ ಮಂಗಳವಾರ ಹಲಸೂರಿನಲ್ಲಿ ಕಣ್ಣಾರೆ ನೋಡಿ ಬಂದೆ.

ತೀರಿಕೊಂಡವರು ಸಿಸಿಲಿಯಮ್ಮ. ಹಲಸೂರಿನ ಅರ್ಧ ಹೆಂಗಸರಿಗೆ ರವಿಕೆ, ಅವರ ಮಕ್ಕಳಿಗೆ ಯೂನಿಫಾರಂ, ಚರ್ಚಿನ ಪುಟ್ಟ ಹುಡುಗಿಯರಿಗೆ ಮೊದಲ ಪರಮಪ್ರಸಾದ ತೆಗೆದುಕೊಳ್ಳುವ ದಿನದ ಬಿಳಿ ಫ್ರಾಕು ಹೊಲಿದವರು. ಹನ್ನೆರಡು ವರ್ಷ ನಾನು ಅವರ ಹತ್ತಿರ ಕಾಜಾ, ಗುಂಡಿ, ಹೆಮ್ಮಿಂಗ್ ಮಾಡಿದ್ದೇನೆ.

ಅವರಿಗೆ ಒಂದೇ ಆಸೆಯಿತ್ತು. ಮದುವೆಯ ಬಿಳಿ ಸೀರೆ, ತಾನೇ ಹೊಲಿದುಕೊಂಡ ಮದುವೆ ರವಿಕೆ, ಎರಡನ್ನೂ ಉಡಿಸಿ ಮಣ್ಣು ಮಾಡಬೇಕು. ದೊಡ್ಡ ಮಗಳು ಸ್ಟೆಲ್ಲಾಳಿಂದ ಮಾತು ತೆಗೆದುಕೊಂಡಿದ್ದರು. ಸ್ಟೆಲ್ಲಾಗೆ ಈಗ ಐವತ್ತೆರಡು, ಇಂದಿರಾನಗರದಲ್ಲಿ ಆಫೀಸ್ ಕೆಲಸ. ಅಮ್ಮನ ಮೇಲಿನ ಹಟಕ್ಕೆ ಜೀವನದಲ್ಲಿ ಸೂಜಿ ಮುಟ್ಟದವಳು.

ನಾನು ಹೋದಾಗ ಒಳಕೋಣೆಯಲ್ಲಿ ಆ ಸ್ಟೆಲ್ಲಾ ಕತ್ತರಿ ಹಿಡಿದು ನಿಂತಿದ್ದಳು. ಸೀರೆ ಉಡಿಸಬೇಕು, ರವಿಕೆ ಹುಕ್ಕಿಗೆ ಎಟುಕುತ್ತಿಲ್ಲ. ಎರಡು ಇಂಚು ಕಮ್ಮಿ.

ಶವಪೆಟ್ಟಿಗೆ ತಂದಿದ್ದ ಮನುಷ್ಯ ಬಾಗಿಲಾಚೆಯಿಂದಲೇ ಐಡಿಯಾ ಕೊಟ್ಟ. "ಮೇಡಂ, ಬೆನ್ನಿಗೆ ಉದ್ದಕ್ಕೆ ಕಟ್ ಮಾಡ್ಬಿಡಿ. ಎಲ್ರೂ ಹಂಗೇ ಮಾಡೋದು. ಮಲ್ಗಿರ್ತಾರೆ, ಯಾರ್ ನೋಡ್ತಾರೆ?"

"ಕತ್ತರಿ ಕೆಳಗಿಡೇ" ಅಂದೆ.

"ಮುನಿಯಮ್ಮಕ್ಕಾ, ನಾಲ್ಕಕ್ಕೆ ಚರ್ಚಲ್ಲಿರ್ಬೇಕು. ಫಾದರ್ ಕಾಯ್ತಿರ್ತಾರೆ. ಮೆಟ್ರೋ ಅಂತ ರೋಡೆಲ್ಲಾ ಅಗ್ದಿದಾರೆ. ಈಗ್ಲೇ ಎರಡೂವರೆ."

"ಆಗ್ಲಿ. ನಿಮ್ಮಮ್ಮ ಹರಿದ ರವಿಕೆ ಹಾಕ್ಕೊಂಡು ದೇವ್ರ ಮುಂದೆ ನಿಲ್ತಾರಾ? ದೇವ್ರಿಗೇ ಬೈದು ವಾಪಸ್ ಬರ್ತಾರೆ."

(ಸಾವಿನ ಮನೆಯಲ್ಲಿ ಹೀಗೆಲ್ಲ ಮಾತಾಡಬಾರದಂತೆ. ಅಲ್ಲಿದ್ದ ಇಬ್ಬರು ಹೆಂಗಸರು ಮುಖ ತಿರುಗಿಸಿದರು. ತಿರುಗಿಸಲಿ.)

ಸಿಸಿಲಿಯಮ್ಮ ಎಂಥವರು ಅಂತ ಹೇಳಿಬಿಡುತ್ತೇನೆ. ಪ್ರಾರ್ಥನೆ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ, ಅಳತೆ ಇಂಗ್ಲಿಷಿನಲ್ಲಿ. ಮೆಷಿನ್ ತುಳಿಯುತ್ತಲೇ ಜಪಸರ ಹೇಳುವರು. ಒಂದು ತೋಳು ಕೂರಿಸಲು ಹತ್ತು ಮಣಿ. ಗಿರಾಕಿ ಬಂದು "ಯಾವಾಗ ಆಗತ್ತೆ?" ಅಂದರೆ "ಇನ್ನು ಇಪ್ಪತ್ತು ಮಣಿ, ಕೂತ್ಕೋ" ಅನ್ನುವರು. ಕೂರುತ್ತಿದ್ದರು!

ಸೆಪ್ಟೆಂಬರಿನ ಹಬ್ಬಕ್ಕೆ ಒಂಬತ್ತು ದಿನವೂ ಶಿವಾಜಿನಗರದ ಚರ್ಚಿಗೆ ಬರಿಗಾಲಲ್ಲಿ ಹೋಗಿ ಬಂದು, ಕಾಲು ತೊಳೆದು ಮತ್ತೆ ಮೆಷಿನ್ ಮುಂದೆ. ಸಾಯಂಕಾಲ ಏಳಕ್ಕೆ ಮನೆಯಲ್ಲಿ ಟಿವಿ ಬಂದ್. ಮಕ್ಕಳು, ಅಳಿಯಂದಿರು, ಬಂದ ನೆಂಟರು, ಎಲ್ಲರೂ ಪ್ರಾರ್ಥನೆಗೆ ಮೊಣಕಾಲೂರಬೇಕು. ಹೊರಡುವುದು ಲೇಟಾದ ದಿನ ನಾನೂ ಊರಿದ್ದೇನೆ. ನಮ್ಮ ಮನೆದೇವರು ಮುನೇಶ್ವರ ಏನೂ ಬೇಜಾರು ಮಾಡಿಕೊಳ್ಳಲಿಲ್ಲ.

ಕೆಲಸದಲ್ಲಿ ಮಾತ್ರ ರಾಕ್ಷಸಿ. ನನ್ನ ಹೆಮ್ಮಿಂಗನ್ನು ಮೇಲಿಂದ ನೋಡುವುದೇ ಇಲ್ಲ, ತಿರುಗಿಸಿ ಒಳಗಡೆ ನೋಡುವರು. ಒಂದು ಹೊಲಿಗೆ ಸೊಟ್ಟ ಕಂಡರೆ ಒಂದೇ ಮಾತು: "ಬಿಚ್ಚು." ಎಷ್ಟು ಬಿಚ್ಚಿದ್ದೇನೆ ಅಂತೀರಿ! ಎರಡು ಸಲ ಕೆಲಸ ಬಿಟ್ಟು ಹೋಗಿ, ಎರಡು ಸಲ ನಾನಾಗಿಯೇ ವಾಪಸ್ ಬಂದೆ.

ಇನ್ನೊಂದು ಹುಚ್ಚು, ಬಟ್ಟೆ ಬಿಡುವುದು. ಪಕ್ಕೆ ಹೊಲಿಗೆಯ ಒಳಗೆ ಎರಡೆರಡು ಬೆರಳು ಬಟ್ಟೆ ಮಡಿಚಿ ಬಿಡಲೇಬೇಕು. ಆಗ ರೆಡಿಮೇಡ್ ಬರಲು ಶುರುವಾಗಿತ್ತು. ಅದರಲ್ಲಿ ಒಳಗೆ ಬಟ್ಟೆಯೇ ಇಲ್ಲ. ನಾನೂ ಕೇಳಿದೆ, "ಇಷ್ಟು ಯಾಕಮ್ಮಾ ದಂಡ?"

"ಅಳತೆ ಕೊಟ್ಟೋಳು ಹಂಗೇ ಇರ್ತಾಳಾ ಮುನಿಯಮ್ಮಾ? ಊಟ ಮಾಡಲ್ವಾ? ಬಸುರಿ ಆಗಲ್ವಾ? ಜಾಗ ಬಿಡು."

ಅವರು ಹೊಲಿದ ಒಂದು ಬಿಳಿ ಫ್ರಾಕು ಒಂದೇ ಮನೆಯ ಮೂವರು ಅಕ್ಕತಂಗಿಯರಿಗೆ, ಮೂರು ಅಳತೆಗೆ ಬಂತು. ರೆಡಿಮೇಡು ಬರುತ್ತಾ?

ಆ ಧೈರ್ಯದ ಮೇಲೆಯೇ ನಾನು ಕತ್ತರಿ ಕೆಳಗಿಡಿಸಿದ್ದು. ಸಿಸಿಲಿಯಮ್ಮ ತನ್ನ ರವಿಕೆಗೆ ಜಾಗ ಬಿಡದೆ ಇರುತ್ತಾರಾ? ರವಿಕೆ ತಿರುಗಿಸಿದೆ. ಪಕ್ಕೆ ಹೊಲಿಗೆ ಬೆಳಕಿಗೆ ಹಿಡಿದೆ.

ಬಿಟ್ಟಿದ್ದರು. ಆದರೆ ಬಿಚ್ಚಿಯೂ ಆಗಿತ್ತು. ಹಳೇ ಹೊಲಿಗೆ ಬಿಚ್ಚಿದ ಸಣ್ಣ ಸಣ್ಣ ತೂತುಗಳ ಸಾಲು. ಒಂದಲ್ಲ, ನಾಲ್ಕು ಸಾಲು.

"ಅಪ್ಪ ಇರೋ ತನಕ ಪ್ರತಿ ವರ್ಷ ಮದ್ವೆ ದಿನ ಚರ್ಚಿಗೆ ಇದನ್ನೇ ಹಾಕ್ಕೊಂಡ್ ಹೋಗ್ತಿದ್ರು" ಅಂದಳು ಸ್ಟೆಲ್ಲಾ. ತೂತುಗಳ ಮೇಲೆ ಬೆರಳಾಡಿಸಿ ಎಣಿಸಿದಳು. ಆಮೇಲೆ ಮೆಲ್ಲಗೆ, "ನಾವೂ ನಾಲ್ಕು ಜನ ಅಲ್ವಾ ಅಕ್ಕಾ?"

ಇರಬಹುದು. ನನಗೆ ಆಗ ಮಕ್ಕಳ ಲೆಕ್ಕ ಬೇಕಿರಲಿಲ್ಲ, ಬಟ್ಟೆ ಬೇಕಿತ್ತು. ಕೊನೆಯ ಸಾಲಿನಾಚೆ ಒಂದು ಬೆರಳಗಲ ಉಳಿದಿತ್ತು. ಎರಡೂ ಪಕ್ಕೆ ಸೇರಿದರೆ ಸಾಕು. ಜಾಸ್ತಿ ಇಲ್ಲ, ಸಾಕು ಅಷ್ಟೇ.

ಮೆಷಿನ್ ತುಳಿಯೋಣವೆಂದರೆ ಹೊರಗೆ ಜನ ಜಪಸರ ಹೇಳುತ್ತಿದ್ದಾರೆ. ಕೈಯಲ್ಲೇ ಆಗಬೇಕು. ಒಬ್ಬಳ ಕೈಯಲ್ಲಿ ಆಗುವ ಹೊತ್ತಲ್ಲ.

"ಸೂಜಿ ತಗೋ" ಅಂದೆ.

"ನಂಗ್ ಬರಲ್ಲ."

"ಗೊತ್ತು. ತಗೋ."

ನನ್ನ ಸೂಜಿಗೂ ಅವಳೇ ದಾರ ಪೋಣಿಸಿದಳು. ನನ್ನ ಕಣ್ಣಿಗೆ ಈಗ ಸೂಜಿಯೇ ಸರಿಯಾಗಿ ಕಾಣುವುದಿಲ್ಲ, ತೂತೆಲ್ಲಿ ಕಾಣಬೇಕು? ಒಂದು ಪಕ್ಕೆ ನಾನು, ಇನ್ನೊಂದು ಪಕ್ಕೆ ಅವಳು. ನಡುವೆ ಒಂದು ರವಿಕೆ. ಹೊರಗೆ ಹತ್ತು ಮಣಿ ಮುಗಿಯಿತು, ಇಪ್ಪತ್ತಾಯಿತು. ಸ್ಟೆಲ್ಲಾ ಬೆರಳಿಗೆ ಎರಡು ಸಲ ಚುಚ್ಚಿಕೊಂಡಳು, ಅಮ್ಮನಿಗೆ ಒಂದು ಸಲ ಬೈದಳು.

ಮುಗಿಸಿ ತೋರಿಸಿದಳು. ಮೇಲಿನಿಂದ ಪರವಾಗಿಲ್ಲ. ತಿರುಗಿಸಿದೆ. ಹಾವು ಹರಿದ ಹಾಗಿತ್ತು.

ಹೊತ್ತು ಮೂರೂಕಾಲು. ಅಮ್ಮನನ್ನು ಕಳೆದುಕೊಂಡ ಮಗಳು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? "ಚೆನ್ನಾಗಿದೆಯಮ್ಮಾ" ಅನ್ನುತ್ತಿದ್ದಿರಿ. ನಾನು "ಬಿಚ್ಚು" ಅಂದೆ.

ಸ್ಟೆಲ್ಲಾ ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು. ಬೆಳಗ್ಗಿನಿಂದ ಅಳದಿದ್ದವಳು ಆಗ ಅಳಲೂ ಶುರು ಮಾಡಿದಳು. ಅಳುತ್ತಲೇ ಬಿಚ್ಚಿದಳು.

ಪೆಟ್ಟಿಗೆಯವನು ಬಾಗಿಲು ತಟ್ಟಿದ. "ಮೇಡಂ, ಟೈಮಾಯ್ತು! ಒಳ್ಗಡೆ ಹೊಲಿಗೆ ಯಾರ್ರೀ ನೋಡ್ತಾರೆ?"

"ನಮ್ಮಮ್ಮ ನೋಡ್ತಾರೆ. ಕಾಯಿರಿ!" ಅಂತ ಗದರಿದಳು. ಥೇಟ್ ಸಿಸಿಲಿಯಮ್ಮನ ದನಿ.

ಎರಡನೇ ಸಲದ ಹೊಲಿಗೆ ನೆಟ್ಟಗೆ ಬಂತು. ತುಂಬ ನೆಟ್ಟಗೇನಲ್ಲ, ಆದರೆ ಬಿಚ್ಚು ಅನ್ನುವಷ್ಟು ಸೊಟ್ಟವೂ ಅಲ್ಲ. ರವಿಕೆ ತೊಡಿಸಿದೆವು. ಕೊನೆಯ ಹುಕ್ಕೂ ಸೇರಿತು. ಸೀರೆ ಉಡಿಸಿ, ಕೈಗೆ ಜಪಸರ ಸುತ್ತಿ ಕಳಿಸಿದೆವು. ಚರ್ಚಿಗೆ ಹತ್ತು ನಿಮಿಷ ಲೇಟು. ಎಪ್ಪತ್ತೆಂಟು ವರ್ಷದ ಬಾಳಿನಲ್ಲಿ ಚರ್ಚಿಗೆ ಎಲ್ಲರಿಗಿಂತ ಮೊದಲೇ ಬರುತ್ತಿದ್ದ ಹೆಂಗಸು, ಒಂದು ದಿನ ಲೇಟಾದರೆ ಏನೀಗ?

ಇವತ್ತು ಬೆಳಗ್ಗೆ ರಾಮಮೂರ್ತಿ ನಗರದ ನನ್ನ ಬಾಡಿಗೆ ಮನೆಗೆ ಆಟೋ ಬಂತು. ಇಳಿದವಳು ಸ್ಟೆಲ್ಲಾ. ಕೈಯಲ್ಲಿ ಒಂದು ಮೀಟರು ಹೊಸ ಬಟ್ಟೆ, ಅಮ್ಮನ ಟೇಪು.

"ಈ ವಯಸ್ಸಲ್ಲಿ ಕಲಿಯೋಕೆ ಬಂದೆ ಅಂತ ನಗ್ಬೇಡಿ. ಲೇಟಾಯ್ತಾ ಅಕ್ಕಾ?"

"ಆಗಿದೆ. ಅದಕ್ಕೇ ಬೇಗ ಕೂತ್ಕೋ" ಅಂದೆ.