ಬರ್ಲಿನ್ ಸಭೆಗೆ ಒಂದು ಡಬ್ಬಿ ಮೊಸರನ್ನ

ಶನಿವಾರ ಬೆಳಿಗ್ಗೆ ಆರಕ್ಕೆ ಫ್ರಾಂಕ್‌ಫರ್ಟ್ ಬಿಟ್ಟೆ. ಬರ್ಲಿನ್‌ಗೆ ನಾಲ್ಕು ಗಂಟೆಯ ರೈಲು. ಮೊದಲೇ ತೆಗೆದಿಟ್ಟಿದ್ದರಿಂದ ಟಿಕೆಟ್ ಅರ್ಧ ದರಕ್ಕೆ ಸಿಕ್ಕಿತ್ತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತ್ತು, ರಾಯರ ದಯೆ. ಒಬ್ಬಳೇ ಅಷ್ಟು ದೂರ ಹೊರಟಿದ್ದು ಅದೇ ಮೊದಲು.

ಬರ್ಲಿನ್‌ನಲ್ಲಿ ಹಣಕಾಸು ಮಂತ್ರಿಗಳ ಸಭೆಯಿತ್ತು. ಮುಂಚೆ ಏಳೇ ಶ್ರೀಮಂತ ದೇಶದವರು ಕೂತು ಲೋಕದ ಹಣಕಾಸಿನ ಮಾತು ಮುಗಿಸುತ್ತಿದ್ದರಂತೆ. ಈಗ ನಮ್ಮವರನ್ನೂ ಸೇರಿಸಿ ಇಪ್ಪತ್ತಾಗಿದೆ. ದೆಹಲಿಯ ತಂಡದ ಜೊತೆ ನನ್ನ ದೊಡ್ಡಪ್ಪನ ಮಗ ಶ್ರೀಧರಣ್ಣ ಬಂದಿದ್ದ. ಹೊಟ್ಟೆಯ ಆಪರೇಷನ್ ಆದವನು. "ಇಪ್ಪತ್ತು ದೇಶದವರಿಗೆ ಅಡುಗೆ ಮಾಡ್ತಾರೆ ಸುಮಾ, ಒಬ್ಬನಿಗೂ ಮೊಸರನ್ನ ಬರಲ್ಲ" ಎಂದು ಫೋನಿನಲ್ಲಿ ಗೋಳಾಡಿದ್ದ. ದಾರಿಯಲ್ಲಿ ಹುಳಿಯಾಗದಿರಲೆಂದು ಹಾಲೇ ಹೆಚ್ಚು ಹಾಕಿ ಕಲಸಿ ಒಯ್ದೆ.

ಚೀಲದಲ್ಲಿ ನಮ್ಮ ಯಜಮಾನರ ಗ್ರೀನ್ ಕಾರ್ಡಿನ ನಕಲೂ ಇತ್ತು, ಕಂಪ್ಯೂಟರ್ ಕೆಲಸಕ್ಕೆ ಬಂದವರಿಗೆ ಜರ್ಮನಿ ಕೊಡುವ ಪರವಾನಗಿ. ಬರುವ ಬೇಸಿಗೆಗೆ ಅದರ ಐದು ವರ್ಷ ಮುಗಿಯುತ್ತದೆ; ಮಗಳು ಇಲ್ಲಿ ಮೂರನೇ ಕ್ಲಾಸು. ಮಂತ್ರಿಗಳ ಹಿಂದೆ ಕೂರುವವನು ಒಂದು ಮಾತು ಹಾಕಿದರೆ ಅದು ಮುಂದುವರಿದೀತೆಂದು ನನ್ನ ಆಸೆ. "ಇದು ನಮ್ಮ ತಾಲ್ಲೂಕು ಆಫೀಸಲ್ಲ ಮಾರಾಯ್ತಿ" ಎಂದು ಇವರು ನಕ್ಕಿದ್ದರು; ಸೋಮವಾರ ತಾವೇ ವೀಸಾ ಆಫೀಸಿಗೆ ಹೋಗುವವರಿದ್ದರು.

ಝೂ ಸ್ಟೇಷನ್ನಿನಲ್ಲಿ ಇಳಿದಾಗ ತುಂತುರು ಮಳೆ. ಸಭೆ ನಡೆಯುತ್ತಿದ್ದ ಹೋಟೆಲಿನ ರಸ್ತೆಗೆ ಕಬ್ಬಿಣದ ಬೇಲಿ ಹಾಕಿದ್ದರು. ಪೊಲೀಸಿನಾಕೆ ಡಬ್ಬಿ ತೆಗೆಸಿ, ಮೂಸಿ, ಇದು ಚೀಸೇ ಎಂದು ಕೇಳಿದಳು. ಅಕ್ಕಿ, ಮೊಸರು ಎಂದೆ. ಒಳಗೆ ಬಿಡಲಿಲ್ಲ, ಓಡಿಸಲೂ ಇಲ್ಲ.

ಸಭೆಯ ನಡುವೆ ಅಣ್ಣ ಹತ್ತು ನಿಮಿಷ ಹೊರಗೆ ಬಂದ. ಟೈಯನ್ನು ಹೆಗಲ ಮೇಲೆ ಎಸೆದುಕೊಂಡು ಬೇಲಿಯ ಪಕ್ಕದಲ್ಲೇ ನಿಂತು ಉಂಡ. ಅವನ ಊಟ ಮುಗಿಯಲೆಂದು ಕಾದು ಕಾರ್ಡಿನ ನಕಲು ಕೊಟ್ಟೆ. ಎರಡು ಸಲ ಓದಿದ. ಮುಖ ಸಣ್ಣದಾಯಿತು.

"ನೋಡು ಸುಮಾ, ಒಳಗೆ ನಾವು ಮಾತಾಡೋದು ದುಡ್ಡು ಗಡಿ ದಾಟೋ ವಿಷಯ. ಮನುಷ್ಯರು ದಾಟೋದು ಬೇರೆ ಇಲಾಖೆ."

ಮಡಚಿ ವಾಪಸ್ ಕೊಟ್ಟ. ನೋಡೋಣ, ಹೇಳ್ತೀನಿ ಎಂದು ಸುಳ್ಳು ಆಸೆ ಹುಟ್ಟಿಸಲಿಲ್ಲ. ಅದೂ ಒಂದು ಉಪಕಾರವೇ. ಆಮೇಲೆ ಕೇಳಿದ, "ಇಲ್ಲೇ ಇರಬೇಕು ಅಂತ ನಿನಗಿದೆಯಾ, ಭಾವನಿಗಾ?"

ನಾನು ಖಾಲಿ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದೆ. ಇಲ್ಲಿಗೆ ಬಂದಾಗಿನಿಂದ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಹಿಂದಿರುಗುವ ರೈಲಿನಲ್ಲಿ ಸ್ತೋತ್ರ ಹೇಳಿಕೊಳ್ಳಲು ಕೂತವಳ ಬಾಯಲ್ಲಿ ನಡುನಡುವೆ ವೀಸಾ ಆಫೀಸಿನಲ್ಲಿ ಆಡಬೇಕಾದ ಜರ್ಮನ್ ವಾಕ್ಯಗಳು ಬರುತ್ತಿದ್ದವು. ಸ್ಟೇಷನ್ನಿಗೆ ಬಂದಿದ್ದ ಇವರು, ಅಣ್ಣ ಏನಂದ ಎಂದು ಕೇಳಿದರು.

"ಅವನ ಕೈಲಿಲ್ಲವಂತೆ. ಸೋಮವಾರ ವೀಸಾ ಆಫೀಸಿಗೆ ನಾನೂ ಬರ್ತೀನಿ" ಎಂದೆ. "ನನ್ನ ಮಾತು ನಾನೇ ಆಡ್ತೀನಿ. ನನಗೆ ಇಲ್ಲಿ ಇರಬೇಕು."