ಅಕ್ಕನ ಅಳತೆ

ಬೀದಿಯವರು ಅವಳನ್ನು ಕರೆಯುವುದು ‘ಅರ್ಧ ಇಂಚು’ ಎಂದು. ತೋಳು ಅರ್ಧ ಇಂಚು ಹೆಚ್ಚಾದರೂ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ಟೈಲರಮ್ಮ ಅವಳು. ಅವಳದೊಂದು ಹಟವಿದೆ: ಇನ್ನೊಬ್ಬರು ಬರೆದುಕೊಟ್ಟ ಅಳತೆಗೆ ಕತ್ತರಿ ಹಾಕುವವಳಲ್ಲ. ಮಂತ್ರಿಯೇ ಚೀಟಿ ಕಳಿಸಲಿ, ಮೈಯನ್ನು ಅವಳ ಟೇಪೇ ಸುತ್ತಬೇಕು. ಈ ಹಟಕ್ಕೆ ಗಿರಾಕಿಗಳು ಕೈತಪ್ಪಿದ್ದೂ ಉಂಟು. ಅವಳು ಕ್ಯಾರೆ ಅಂದಿಲ್ಲ.

ನಿದ್ದೆ ಸರಿಯಾಗಿ ಬರುತ್ತಿಲ್ಲವೆಂದು ಅವಳು ಧ್ಯಾನಕ್ಕೆ ಸೇರಿದಳು. ಸೈಕಲ್ ಅಂಗಡಿಯ ಮೇಲಿನ ಕೋಣೆ, ಬೆಳಗಿನ ಆರು ಗಂಟೆ, ನೆಲದ ಮೇಲೆ ಹದಿನಾರು ದಿಂಬು, ಬಿಳಿ ಪರದೆಯಲ್ಲಿ ಸೋಸಿ ಬರುವ ಬೆಳಕು. ಧ್ಯಾನ ಕಲಿಸುವ ಬೌದ್ಧ ಭಿಕ್ಷು ಮೆಲುದನಿಯಲ್ಲಿ ದಾರಿ ತೋರಿಸುತ್ತಿದ್ದರು. ಸುಖವಾಗಿರಲಿ ಎಂಬ ಹಾರೈಕೆಯನ್ನು ಮೊದಲು ತನಗೆ, ಆಮೇಲೆ ಪ್ರೀತಿಯವರಿಗೆ, ಆಮೇಲೆ ಬರೀ ಮುಖಪರಿಚಯದವರಿಗೆ, ಕೊನೆಗೆ ಕಂಡರಾಗದವರಿಗೆ ಕೊಡಬೇಕು. ಕಣ್ಣು ಮುಚ್ಚಿದರೆ ಸಾಕು, ಇಸ್ತ್ರಿಯ ಹಬೆಯೊಳಗಿಂದ ಬಂದಂತೆ ಮುಖಗಳು ತೇಲಿ ಬರುತ್ತಿದ್ದವು. ಹಾಲಿನವನು, ಗುಂಡಿ ಮಾರುವ ಅಜ್ಜಿ, ತೀರಿಹೋದ ಅಮ್ಮ. ಎಲ್ಲರೂ ಒಮ್ಮೆ ನಕ್ಕು ಬೆಳಕಿನೊಳಗೆ ಕರಗಿಹೋಗುತ್ತಿದ್ದರು.

ಕಂಡರಾಗದವರ ಜಾಗದಲ್ಲಿ ಮಾತ್ರ ಅವಳು ಕಳ್ಳಾಟ ಆಡಿದಳು. ದೇವರ ಕಣ್ಣಿಗೇ ಮಣ್ಣೆರಚುವ ನಮಗೆ ಧ್ಯಾನ ಯಾವ ಲೆಕ್ಕ? ಅಲ್ಲಿ ಕೂರಬೇಕಾದವಳು ಅಕ್ಕ. ಒಂಬತ್ತು ವರ್ಷದ ಹಿಂದೆ ಊರಲ್ಲಿ ಅಮ್ಮ ಹಾಸಿಗೆ ಹಿಡಿದಾಗ, ಇವತ್ತು ನಾಳೆ ಸುಧಾರಿಸುತ್ತಾಳೆ ಎಂದುಕೊಂಡು ಅಕ್ಕ ಇವಳಿಗೆ ಹೇಳಿ ಕಳಿಸಿರಲಿಲ್ಲ. ಇವಳು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಆ ಜಾಗಕ್ಕೆ ಇವಳು ತಂದು ಕೂರಿಸಿದ್ದು ಕೆಳಮನೆಯಲ್ಲಿ ತುತ್ತೂರಿ ಕಲಿಯುತ್ತಿದ್ದ ನಿವೃತ್ತ ಮೇಷ್ಟ್ರನ್ನು. ಎರಡೇ ವಾರದಲ್ಲಿ ಅವರ ಮೇಲಿನ ಸಿಟ್ಟು ಇಳಿದುಹೋಯಿತು. ಹಿಗ್ಗಿನಿಂದ ಹೋಗಿ ಹೇಳಿಕೊಂಡರೆ ಭಿಕ್ಷು ನಕ್ಕುಬಿಟ್ಟರು.

“ಇಂಥ ಸಲೀಸಾದ ಶತ್ರುವನ್ನ ಎಲ್ಲಿಂದ ಹುಡುಕ್ಕೊಂಡು ಬಂದ್ರಿ ತಾಯಿ?”

ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಮರುದಿನ ಅಕ್ಕನನ್ನೇ ಕರೆದಳು. ಮುಖ ಬರಲಿಲ್ಲ, ಬಂದದ್ದು ಅಳತೆ. ಎದೆ ಮೂವತ್ತೆಂಟು, ಭುಜ ಹದಿನೈದೂವರೆ, ತೋಳು ಇಪ್ಪತ್ತೆರಡು. ಸುಖವಾಗಿರಲಿ ಎನ್ನಲು ಹೋದವಳು ಮತ್ತೆ ಮೂವತ್ತೆಂಟರಿಂದ ಶುರುಮಾಡುತ್ತಿದ್ದಳು. ಒಂದು ತಿಂಗಳು ಹೀಗೇ ಆ ಅಂಕಿಗಳ ಮುಂದೆ ಕೂತಳು.

ಆಮೇಲೊಂದು ಮಧ್ಯಾಹ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಕೈಯಲ್ಲಿ ನೀಲಿ ಉಣ್ಣೆಯ ಕೋಟು. ಜಗಳಕ್ಕೆ ಮುಂಚೆ ಇವಳೇ ಅಕ್ಕನಿಗೆ ಹೊಲಿದುಕೊಟ್ಟದ್ದು. ಒಳಪದರದ ಬಟ್ಟೆ ಸವೆದು ಜಾಳುಜಾಳಾಗಿತ್ತು, ಗುಂಡಿ ಒಂದೂ ಕಳೆದಿರಲಿಲ್ಲ. ಜೊತೆಗೊಂದು ಚೀಟಿ: ಎದೆ ಮೂವತ್ತೊಂದು.

ಏಳು ಇಂಚು ಹೇಗೆ ಕಮ್ಮಿಯಾಗುತ್ತದೆ, ತಪ್ಪು ಬರೆದಿದ್ದೀಯ ಎಂದು ಇವಳು ರೇಗಿದಳು. ರೇಗುತ್ತಲೇ ಚೀಟಿಯನ್ನು ಮತ್ತೆ ಓದಿದಳು. ಹುಡುಗಿ ಕಾಯಿಲೆಯ ಹೆಸರು ಹೇಳಿದಳು. ತನ್ನಮ್ಮನಿಗೆ ಚಳಿ ನಿಲ್ಲುತ್ತಿಲ್ಲ, ಬೇರೆ ಕೋಟು ಮುಟ್ಟುತ್ತಿಲ್ಲ ಎಂದಳು.

“ಚೀಟಿ ತಂದ್ರೆ ನಾನು ಹೊಲಿಯಲ್ಲ ಅಂತ ನಿಮ್ಮಮ್ಮಂಗೆ ಗೊತ್ತಿಲ್ವಾ?”

“ಗೊತ್ತು ಚಿಕ್ಕಮ್ಮ. ಗೊತ್ತಿದ್ದೇ ಕಳಿಸಿದ್ದಾರೆ.”

ಹೊಲಿಗೆಯಂತ್ರದ ಮೇಲೆ ಅರ್ಧ ಹೊಲಿದ ಅಂಗಿ ಹಾಗೇ ಉಳಿಯಿತು. ಕೊರಳಿನ ಟೇಪು ಕೊರಳಲ್ಲೇ ಇತ್ತು. ದಾರಿಯುದ್ದಕ್ಕೂ ಬಿಸಿಲು ಪರದೆಯೊಳಗಿನ ಬೆಳಕಿನಂತೆ ಮಬ್ಬಾಗಿ, ಮೆತ್ತಗೆ ಇತ್ತು. ಎಷ್ಟು ಬೀದಿ ದಾಟಿದೆನೆಂದು ಅವಳಿಗೆ ನೆನಪಿಲ್ಲ.

ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಇವಳು ಕೊರಳಿನ ಟೇಪು ತೆಗೆದಳು. ಎದೆಯಳತೆ ತೆಗೆಯಬೇಕಾದರೆ ಎರಡೂ ತೋಳು ಬಳಸಿ ಬೆನ್ನ ಹಿಂದಿನಿಂದ ಟೇಪು ತರಬೇಕು. ಹಾಗೆ ಬಳಸಿದಾಗ ಅಕ್ಕನ ಪಕ್ಕೆಲುಬುಗಳು ತೋಳಿಗೆ ತಾಗಿದವು. ತಿಂಗಳಿಡೀ ಸಿಕ್ಕಿಕೊಂಡಿದ್ದ ಹಾರೈಕೆ ತಾನಾಗಿ ಹೊರಟಿತು. ಸುಖವಾಗಿರಲಿ, ನನ್ನಕ್ಕ ಸುಖವಾಗಿರಲಿ.

“ಮೂವತ್ತೊಂದೂವರೆ,” ಎಂದಳು, ಮೂಗು ಒರೆಸಿಕೊಳ್ಳುತ್ತ. “ನಿನ್ನ ಮಗಳು ಅರ್ಧ ಇಂಚು ತಪ್ಪು ಬರೆದಿದ್ದಾಳೆ.”

ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು.

“ಇನ್ನೊಂದ್ಸಲ ಅಳತೆ ತಗೋ,” ಎಂದಳು.